ಎಡಕ್ಕೆ ನೋಡುವ ಕೋಳಿ

ನಮ್ಮ ಅಂಗಡಿಯಲ್ಲಿ ಹುಟ್ಟಿದ ಪ್ರಾಣಿಗಳೆಲ್ಲ ಎಡಕ್ಕೆ ನೋಡುತ್ತವೆ. ಆನೆಯಿರಲಿ, ಮೊಲವಿರಲಿ, ಬೆಕ್ಕಿರಲಿ, ಎಲ್ಲವೂ ಎಡಕ್ಕೇ. ಇದಕ್ಕೆ ವಿಶೇಷ ಕಾರಣವೇನೂ ಇಲ್ಲ, ಕೆಲಸದ ರೀತಿಯೇ ಹಾಗೆ. ಬಣ್ಣದ ಬಟ್ಟೆಯನ್ನು ಚಿತ್ರದ ಆಕಾರಕ್ಕೆ ಕತ್ತರಿಸಿ, ಪರದೆಯ ಮೇಲೋ ಹೊದಿಕೆಯ ಮೇಲೋ ಇಟ್ಟು ಹೊಲಿಯುವುದು ನಮ್ಮ ಕಸುಬು. ಪೆನ್ಸಿಲ್ ಗೆರೆ ಹೊರಗೆ ಕಾಣಬಾರದೆಂದು ಚಿತ್ರವನ್ನು ಬಟ್ಟೆಯ ಹಿಂಬದಿಗೆ ಇಳಿಸಿಕೊಳ್ಳುತ್ತೇವೆ. ಕತ್ತರಿಸಿ ಮಗುಚಿದರೆ ಬಲಕ್ಕೆ ನೋಡುತ್ತಿದ್ದದ್ದು ಎಡಕ್ಕೆ ತಿರುಗಿರುತ್ತದೆ. ಮಕ್ಕಳ ಪುಸ್ತಕಗಳಲ್ಲಿ ಪ್ರಾಣಿಗಳು ಹೆಚ್ಚಾಗಿ ಬಲಕ್ಕೆ, ಮುಂದಿನ ಪುಟದ ಕಡೆಗೆ ನಡೆಯುತ್ತಿರುತ್ತವೆ. ನಮ್ಮವು ಏನೋ ಮರೆತು ವಾಪಸು ಹೊರಟ ಹಾಗೆ ಕಾಣುತ್ತವೆ.

ಅಂಗಡಿಯಲ್ಲಿರುವುದು ಮೂವರು. ಅಮ್ಮ ಬಟ್ಟೆ ಕತ್ತರಿಸುತ್ತಾಳೆ. ಅತ್ತಿಗೆ ಚಿತ್ರ ಇಳಿಸಿ ಹೊಲಿಯುತ್ತಾಳೆ. ಅವಳು ಮೊದಲು ನನ್ನ ಶಾಲೆಯ ಗೆಳತಿ, ಆಮೇಲೆ ಅಣ್ಣನ ಹೆಂಡತಿ; ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನ ಸುಳಿಯುವುದಿಲ್ಲ. ನಾನು ಗಿರಾಕಿಗಳ ಜೊತೆ ಮಾತಾಡುತ್ತೇನೆ, ಅಳತೆ ಬರೆದುಕೊಳ್ಳುತ್ತೇನೆ, ಉಳಿದ ಹೊತ್ತಿನಲ್ಲಿ ಹೆದರುತ್ತೇನೆ. ಹೆದರುವುದೂ ನನ್ನ ಪಾಲಿಗೆ ಒಂದು ಕೆಲಸವೇ. ಇಸ್ತ್ರಿ ಆರಿಸಿದೆವಾ, ಮಗುವಿನ ಹೊದಿಕೆಯೊಳಗೆ ಗುಂಡುಸೂಜಿ ಉಳಿಯಿತಾ, ಈ ಕೆಂಪು ಒಗೆದಾಗ ಬಣ್ಣ ಬಿಡುತ್ತದಾ, ಇದನ್ನೆಲ್ಲ ಯಾರಾದರೂ ಒಬ್ಬರು ಯೋಚಿಸಬೇಕಲ್ಲ. ಅತ್ತಿಗೆ ನನ್ನನ್ನು 'ಗಡಿಯಾರ' ಎಂದು ಕರೆಯುತ್ತಾಳೆ. ಸದಾ ಟಿಕ್ ಟಿಕ್ ಅನ್ನುತ್ತಿರುತ್ತೇನಂತೆ.

ಊರಿನ ಮಕ್ಕಳ ಲೈಬ್ರರಿಯಲ್ಲಿ ಕಥೆ ಹೇಳಲೆಂದೇ ಒಂದು ಹೊಸ ಕೋಣೆ ತೆರೆಯಲಿತ್ತು. ಅಲ್ಲಿನ ಪುಟ್ಟ ವೇದಿಕೆಗೆ ಪರದೆ ಬೇಕೆಂದು ಲೈಬ್ರರಿಯವರು ನಮ್ಮಲ್ಲಿಗೆ ಬಂದರು. ಪುಸ್ತಕಗಳ ನಡುವೆಯೇ ವಯಸ್ಸು ಕಳೆದು ಅವರಿಗೆ ಪಿಸುಮಾತೇ ಅಭ್ಯಾಸವಾಗಿಬಿಟ್ಟಿದೆ. ನಮ್ಮ ಹೊಲಿಗೆ ಯಂತ್ರದ ಸದ್ದಿನಲ್ಲೂ ಪಿಸುಗುಟ್ಟುತ್ತಾರೆ. ಅವರ ಜೊತೆ ಮಾತಾಡುವಾಗ ಅಮ್ಮನೂ ಪಿಸುಗುಟ್ಟತೊಡಗುತ್ತಾಳೆ.

"ನೋಡಿದ ತಕ್ಷಣ ಮಕ್ಕಳಿಗೆ ಅದನ್ನ ಎತ್ತಿ ಆಚೆ ಏನಿದೆ ಅಂತ ನೋಡಬೇಕು ಅನ್ನಿಸಬೇಕು," ಎಂದರು. "ಅಂಥದ್ದು ಮಾಡಿಕೊಡಿ."

ಅತ್ತಿಗೆ ತನ್ನ ಮಗಳು ಪುಟ್ಟಿಯ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತು ಒಂದು ಚಿತ್ರ ಆರಿಸಿದಳು. ಸ್ಟೂಲಿನ ಮೇಲೆ ಕೂತು ಛತ್ರಿ ರಿಪೇರಿ ಮಾಡುವ ಕರಡಿ; ಅದರ ಮುಂದೆ ಮುರಿದ ಛತ್ರಿ ಹಿಡಿದು ಸಾಲಾಗಿ ನಿಂತ ಪ್ರಾಣಿಗಳು. ಚಿತ್ರವನ್ನು ದೊಡ್ಡದು ಮಾಡಿಸಿ ತಂದು, ಎಂದಿನಂತೆ ಬಟ್ಟೆಯ ಹಿಂಬದಿಗೆ ಇಳಿಸಿದಳು. ಕರಡಿಯ ಮೈಗೆ ಮೂರು ಬಗೆಯ ಕಂದು ಬಟ್ಟೆ ಹಾಕಿ, ಕೂದಲು ನಿಗುರಿದಂತೆ ಅಂಚಿನುದ್ದಕ್ಕೂ ಸಣ್ಣ ಹೊಲಿಗೆ ಹಾಕಿದಳು. ಮುಟ್ಟಿದರೆ ಗುರ್ ಅನ್ನುತ್ತದೇನೋ ಎನ್ನುವ ಹಾಗಿತ್ತು.

ಕೆಲಸ ಹೇಗೆ ಸಾಗಿದೆಯೆಂದು ನೋಡಲು ಲೈಬ್ರರಿಯವರು ಮತ್ತೆ ಬಂದಾಗ ಪರದೆ ಗೋಡೆಯ ಮೇಲಿತ್ತು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ಇದು ಯಾರ ಕಲ್ಪನೆ?"

ಅತ್ತಿಗೆಯ ಬಾಯಿತುಂಬ ಗುಂಡುಸೂಜಿಗಳಿದ್ದವು. ಅವಳ ಪರವಾಗಿ ಅಮ್ಮ ಪಿಸುಗುಟ್ಟಿದಳು: "ಎಲ್ಲಾ ನಮ್ಮ ಸೊಸೇದೇ."

"ಹಾಗಿದ್ರೆ ಕೆಳಗೆ ಮೂಲೇಲಿ ಅವರ ಹೆಸರೂ ಹೊಲಿದುಬಿಡಿ. ಬರೆದವರು ಯಾರು, ಚಿತ್ರ ಬಿಡಿಸಿದವರು ಯಾರು ಅಂತ ಹೇಳದೆ ನಾವು ಮಕ್ಕಳಿಗೆ ಕಥೆ ಶುರು ಮಾಡೋದಿಲ್ಲ. ಪರದೆಗೂ ಅದೇ ಪದ್ಧತಿ ಇರಲಿ. ಮುಂದಿನ ಭಾನುವಾರ ಉದ್ಘಾಟನೆ."

ಅತ್ತಿಗೆ ಸೂಜಿಗಳನ್ನು ಕೈಗೆ ಉಗಿದುಕೊಂಡಳು. ಅವರು ಹೋದ ಮೇಲೆ ಬಿಳಿ ಸೀಮೆಸುಣ್ಣದಿಂದ ಪರದೆಯ ಮೂಲೆಯಲ್ಲಿ ಹೆಸರಿನಷ್ಟು ಜಾಗ ಬಿಟ್ಟು ಒಂದು ಚೌಕ ಎಳೆದಳು. ಅವಳು ಹೊಲಿದ ಪರದೆಗಳು ಈ ಊರಿನ ಎಷ್ಟು ಕಿಟಕಿಗಳಲ್ಲಿ ಹಾರಾಡುತ್ತಿವೆಯೋ. ಒಂದರ ಮೇಲೂ ಯಾರೂ ಅವಳ ಹೆಸರು ಕೇಳಿರಲಿಲ್ಲ.

ನನ್ನೊಳಗಿನ ಗಡಿಯಾರ ಶುರುವಾಯಿತು.

"ಹೆಸರು ಹಾಕೋದು ಬೇಡ ಅನ್ಸುತ್ತೆ," ಎಂದೆ.

"ಯಾಕೆ, ನನ್ನ ಹೆಸರು ಚೆನ್ನಾಗಿಲ್ವಾ?"

"ಕರಡಿ ನಿನ್ನದಲ್ಲವಲ್ಲ."

"ಪುಸ್ತಕದ ಕರಡಿ ಬಲಕ್ಕೆ ನೋಡುತ್ತೆ. ನನ್ನದು ಎಡಕ್ಕೆ ನೋಡುತ್ತೆ."

"ಕನ್ನಡಿ ಮುಂದೆ ನಿಂತರೆ ನೀನೂ ತಿರುಗಿ ಕಾಣ್ತೀಯ. ಯಾರೋ ಬೇರೆಯವರು ಅಂತ ಅಣ್ಣ ಎದ್ದು ಹೋಗ್ತಾನಾ?"

ಅವಳಿಗೆ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. "ಟೋಪಿ ಕೆಂಪಿತ್ತು, ಹಸಿರು ಮಾಡಿದೆ. ಸ್ಟೂಲಿತ್ತು, ಡಬ್ಬ ಮಾಡಿದೆ. ಸಾಲಿನಲ್ಲಿ ಕೋಳಿ ಇರಲಿಲ್ಲ, ಸೇರಿಸಿದೆ. ಮೂರು ಬದಲಾವಣೆ ಮಾಡಿದ್ರೆ ಚಿತ್ರ ನಮ್ಮದಾಗುತ್ತೆ ಅಂತ ದಾರದಂಗಡಿಯವರೇ ಹೇಳಿದ್ದಾರೆ."

"ಆ ನೀಲಿ ದಾರ ಬಣ್ಣ ಬಿಡಲ್ಲ ಅಂತ ಹೇಳಿದ್ದೂ ಅವರೇ ತಾನೆ," ಎಂದಳು ಅಮ್ಮ, ಕತ್ತರಿಯಿಂದ ತಲೆಯೆತ್ತದೆ. ಆಮೇಲೆ ಸೊಸೆಯ ಮುಖ ನೋಡಿ ಪಕ್ಷ ಬದಲಾಯಿಸಿದಳು. "ಆದ್ರೂ ಪುಸ್ತಕ ನಾವು ಕೊಂಡು ತಂದಿದ್ದಲ್ವೇನೇ? ಕುಕ್ಕರ್ ತಂದ ಮೇಲೆ ಅದರಲ್ಲಿ ಏನು ಬೇಯಿಸಲಿ ಅಂತ ಕಂಪನಿಯವರನ್ನ ಕೇಳ್ತೀವಾ?"

"ಏನು ಬೇಕಾದ್ರೂ ಬೇಯಿಸಮ್ಮ. ಪುಸ್ತಕಾನೂ ಅಷ್ಟೆ. ಓದಬಹುದು, ಪುಟ್ಟಿಗೆ ತೋರಿಸಬಹುದು, ಬೇಕಾದ್ರೆ ಇನ್ನೊಬ್ಬರಿಗೆ ಕೊಡಬಹುದು. ನಾವು ಕೊಂಡಿದ್ದು ಆ ಒಂದು ಪುಸ್ತಕ. ಚಿತ್ರದ ಇನ್ನೊಂದು ಪ್ರತಿ ಮಾಡೋ ಹಕ್ಕು ಅದರ ಜೊತೆ ಬಂದಿಲ್ಲ. ಅದು ಬಿಡಿಸಿದವರದ್ದು."

ಪುಸ್ತಕ ತೆರೆದು, ಶೀರ್ಷಿಕೆಯ ಹಿಂದಿನ ಪುಟದಲ್ಲಿದ್ದದ್ದನ್ನು ಓದಿ ಹೇಳಿದೆ. ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ; ಅನುಮತಿಯಿಲ್ಲದೆ ಯಾವ ಭಾಗವನ್ನೂ ಯಾವ ರೂಪದಲ್ಲೂ ಬಳಸುವಂತಿಲ್ಲ.

"ಯಾವ ರೂಪದಲ್ಲೂ ಅಂದ್ರೆ ಬಟ್ಟೆ ಕೂಡ," ಎಂದೆ.

"ಇಷ್ಟು ಸಣ್ಣ ಅಕ್ಷರದಲ್ಲಿ ಹೇಳಿದ್ರೆ ಯಾರಿಗೆ ಕೇಳಿಸುತ್ತೆ?" ಎಂದಳು ಅತ್ತಿಗೆ. "ಲೈಬ್ರರಿಯವರ ಥರಾನೇ."

ಇನ್ನೊಬ್ಬರ ಚಿತ್ರದ ಕೆಳಗೆ ನಮ್ಮ ಹೆಸರು ಹಾಕಿ ತೂಗುಹಾಕಲೇಬಾರದ ಜಾಗವೊಂದಿದ್ದರೆ ಅದು ಲೈಬ್ರರಿ ಎಂದು ನಾನು ವಿವರಿಸಿದೆ. ಇವತ್ತಲ್ಲ ನಾಳೆ ಆ ಪುಸ್ತಕ ಅಲ್ಲಿಗೆ ಬರುತ್ತದೆ. ಯಾವುದೋ ಮಗು ಅದನ್ನು ಹಿಡಿದುಕೊಂಡು ಪರದೆಯ ಮುಂದೆ ನಿಲ್ಲುತ್ತದೆ. ಮಕ್ಕಳು ಏನನ್ನೂ ಪಿಸುಗುಟ್ಟುವುದಿಲ್ಲ.

ಅತ್ತಿಗೆ ಕರಡಿಯ ಕಿವಿಯ ಹತ್ತಿರ ಎದ್ದಿದ್ದ ಒಂದು ಎಳೆಯನ್ನು ಉಗುರಿನಿಂದ ಒತ್ತಿದಳು.

"ಈಗ ಯಾರೋ ಒಬ್ಬರು ಹೆಸರು ಕೇಳಿದ್ರು," ಎಂದಳು. "ಅದೂ ನನ್ನದಲ್ಲದ್ದಕ್ಕೆ." ಆಮೇಲೆ ಪುಸ್ತಕವನ್ನು ನನ್ನತ್ತ ತಳ್ಳಿ, "ಚಿತ್ರ ಬಿಡಿಸಿದವರನ್ನೇ ಕೇಳಿಬಿಡು. ಆದ್ರೆ ಚೆನ್ನಾಗಿ ಕೇಳು. ಮಾತು ನಿನಗೆ ಬರುತ್ತೆ," ಎಂದಳು.

ಫೋನು ಮಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ಹತ್ತಾರು ಸಲ ತಿದ್ದಿದೆ. 'ಕದ್ದಿದ್ದೇವೆ' ಎಂದರೆ ಪೊಲೀಸರ ಮಾತಾಯಿತು. 'ಸ್ಫೂರ್ತಿ ಪಡೆದಿದ್ದೇವೆ' ಎಂದರೆ ಸುಳ್ಳಾಯಿತು. ಕೊನೆಗೆ ಉಳಿದದ್ದು, 'ಕೇಳದೆ ನಕಲು ಮಾಡಿದ್ದೇವೆ, ಈಗ ಕೇಳುತ್ತಿದ್ದೇವೆ.' ಪ್ರಕಾಶಕರ ಕಚೇರಿಯಲ್ಲಿ ಫೋನೆತ್ತಿದವರು ಅದನ್ನು ಕೇಳಿ, ಚಿತ್ರಗಾರ್ತಿಗೆ ತಿಳಿಸುತ್ತೇವೆಂದರು. ಮಧ್ಯಾಹ್ನ ಚಿತ್ರಗಾರ್ತಿಯೇ ಫೋನು ಮಾಡಿದರು. ಗೊಗ್ಗರು ದನಿ.

"ನನ್ನ ಕರಡಿ ನಿಮ್ಮನೇಲಿದೆಯಂತೆ," ಎಂದರು, ತಪ್ಪಿಸಿಕೊಂಡ ನಾಯಿಯನ್ನು ವಿಚಾರಿಸುವ ಹಾಗೆ.

ನನ್ನ ವಾಕ್ಯ ಹೇಳಿದೆ. ಅತ್ತಿಗೆ ನನ್ನ ಮುಂಗೈ ಹಿಡಿದುಕೊಂಡಿದ್ದಳು.

"ಯೋಚಿಸಿ ಹೇಳ್ತೀನಿ," ಎಂದರು ಅವರು. "ಆದ್ರೆ ನೋಡದೆ ಹೇಗೆ ಯೋಚಿಸೋದು? ನಾಳೆ ಬರ್ತೀನಿ. ಬಸ್ಸಿದೆಯಲ್ಲ?"

ಮರುದಿನ ಬಂದವರು ಪುಟ್ಟ ಆಕಾರದ ಹೆಂಗಸು. ವಯಸ್ಸು ಅಮ್ಮನಷ್ಟೇ ಇರಬೇಕು. ಊರುಗೋಲಿನ ಬದಲು ಉದ್ದ ಛತ್ರಿ ಊರಿಕೊಂಡಿದ್ದರು, ಅದರ ಒಂದು ಕಡ್ಡಿ ಮುರಿದು ಹೊರಚಾಚಿತ್ತು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಪರದೆಯ ಮುಂದೆ ನಿಂತು ಕತ್ತು ಓರೆ ಮಾಡಿ ನೋಡಿದರು.

"ಎಡಚ," ಎಂದರು.

"ಏನು ಮೇಡಂ?"

"ನನ್ನ ಕರಡಿ ಇಕ್ಕಳ ಬಲಗೈಲಿ ಹಿಡಿದಿತ್ತು. ಇದು ಎಡಗೈಲಿ ಹಿಡಿದಿದೆ."

"ನಮ್ಮಲ್ಲಿ ಎಲ್ಲರೂ ಎಡಚರೇ ಮೇಡಂ," ಎಂದಳು ಅತ್ತಿಗೆ.

ಅವರು ಕರಡಿಯ ಹೊಟ್ಟೆಯ ಮೇಲೆ ಅಂಗೈ ಆಡಿಸಿದರು. ಕೂದಲಿನ ಹೊಲಿಗೆಯನ್ನು ಹತ್ತಿರದಿಂದ ನೋಡಿದರು. "ನಾನು ಬಿಡಿಸಿದ್ದಕ್ಕಿಂತ ಬೆಚ್ಚಗಿದೆ ಇದು. ಸುಮ್ನೆ ಹೇಳ್ತಿಲ್ಲ," ಎಂದರು. ಅತ್ತಿಗೆಯ ಮುಖ ಅರಳಿತು. ನಾನು ಅರಳಲಿಲ್ಲ, ಇಂಥ ಮಾತಿನ ಹಿಂದೆ ಸಾಮಾನ್ಯವಾಗಿ ಒಂದು 'ಆದ್ರೆ' ಕಾದಿರುತ್ತದೆ.

"ಆದ್ರೆ," ಎಂದರು ಅವರು, "ಹೂಂ ಅನ್ನೋದಕ್ಕೆ ನನಗೇ ಹಕ್ಕಿಲ್ಲ. ಬಟ್ಟೆ ಮೇಲೆ ಈ ಕರಡೀನ ಹಾಕೋದನ್ನ ಹೊದಿಕೆ, ಪರದೆ ಮಾಡೋ ಒಂದು ಕಂಪನಿಗೆ ಬರೆದುಕೊಟ್ಟಿದ್ದೀನಿ. ಅವರನ್ನ ಕೇಳಿಕೊಂಡೇ ಬಂದೆ. ಆಗಲ್ಲ ಅಂದ್ರು. ಈಗ ನನ್ನ ಮನೆ ಕಿಟಕಿಗೆ ಹಾಕಬೇಕಂದ್ರೂ ಅವರ ಒಪ್ಪಿಗೆ ಬೇಕು."

"ನಿಮ್ಮ ಕರಡಿ ನಿಮಗೇ ಇಲ್ವಾ?" ಅಮ್ಮ ಒಳಗಿನಿಂದ ಕೇಳಿದಳು, ಟೀ ಸೋಸುತ್ತ.

"ಮನೇನ ಬಾಡಿಗೆಗೆ ಕೊಟ್ಟ ಮೇಲೆ ನಮ್ಮದೇ ಬಾಗಿಲು ನಾವೇ ತಟ್ಟಬೇಕಲ್ಲಮ್ಮಾ, ಹಾಗೆ."

ಅತ್ತಿಗೆ ತಲೆಯಾಡಿಸಿದಳು. ಬಗ್ಗಿ, ಮೂಲೆಯಲ್ಲಿದ್ದ ಸೀಮೆಸುಣ್ಣದ ಚೌಕವನ್ನು ಅಂಗೈಯಿಂದ ಒರೆಸಿದಳು. ಅದು ಪೂರ್ತಿ ಹೋಗಲಿಲ್ಲ, ಬಿಳಿ ಮಸುಕಾಗಿ ಉಳಿಯಿತು. ಆಮೇಲೆ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ತೆಗೆದುಕೊಂಡಳು. ಭಾನುವಾರ ಹತ್ತಿರದಲ್ಲಿತ್ತು. ಲೈಬ್ರರಿಯವರಿಗೆ ಏನು ಹೇಳುವುದೆಂದು ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟತೊಡಗಿದೆ.

"ತಡಿಯಮ್ಮಾ," ಎಂದರು ಚಿತ್ರಗಾರ್ತಿ. ಛತ್ರಿಯ ತುದಿಯಿಂದ ಸಾಲಿನ ಕೊನೆಯನ್ನು ತೋರಿಸಿದರು. "ಈ ಕೋಳಿ ಯಾವುದು? ನನ್ನ ಪುಸ್ತಕದಲ್ಲಿ ಇಲ್ಲ."

"ಅದು ನಾನೇ ಸೇರಿಸಿದ್ದು. ತಪ್ಪಾಯ್ತು. ಅದನ್ನೂ ತೆಗೀತೀನಿ."

"ಅದರ ಹತ್ತಿರ ಛತ್ರೀನೇ ಇಲ್ಲವಲ್ಲ. ಮತ್ತೆ ಯಾಕೆ ನಿಂತಿದೆ?"

"ಅದಕ್ಕೆ ರಿಪೇರಿ ಏನೂ ಇಲ್ಲ ಮೇಡಂ," ಎಂದಳು ಅತ್ತಿಗೆ. ಯಾರೋ ಕೇಳಿದರಲ್ಲ ಎಂದು ಅವಳ ದನಿ ತಾನಾಗಿ ಹಗುರಾಯಿತು. "ಎಲ್ಲಿ ಸಾಲು ಕಂಡ್ರೂ ಹೋಗಿ ನಿಂತುಬಿಡುತ್ತೆ. ಮೊದಲು ನಿಲ್ಲೋದು, ಆಮೇಲೆ ಏನು ಕೊಡ್ತಾರೆ ಅಂತ ವಿಚಾರಿಸೋದು. ಚೀಲ ಯಾವಾಗಲೂ ಜೊತೇಲೇ ಇರುತ್ತೆ. ಮುಂದೆ ಏನು ನಡೀತಿದೆ ಅಂತ ಕತ್ತು ಹೀಗೆ ಚಾಚಿ ಚಾಚಿ ನೋಡುತ್ತೆ. ನಮ್ಮ ಅತ್ತೆ ಹೀಗೇ."

ಅಷ್ಟರಲ್ಲಿ ನಮ್ಮ ಅಮ್ಮ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನಾನು ಎಲ್ಲಕ್ಕೂ ಹೆದರುವವಳು. ಆದರೆ ಇದೊಂದು ನನಗೂ ಹೊಳೆದಿರಲಿಲ್ಲ. ಅಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದ ಕನ್ನಡಕ ಏರಿಸಿದಳು. ಕೋಳಿಯ ಕೊರಳಲ್ಲೂ ದಾರದಲ್ಲಿ ಒಂದು ಕನ್ನಡಕ ನೇತಾಡುತ್ತಿತ್ತು. ಅಮ್ಮ ಅದನ್ನು ನೋಡಿದಳು, ತನ್ನದನ್ನು ಮುಟ್ಟಿಕೊಂಡಳು.

"ನನ್ನ ಕತ್ತು ಅಷ್ಟುದ್ದ ಇದೆಯಾ?" ಎಂದು ಕೇಳಿದಳು.

ಅತ್ತಿಗೆ ಕೈಯಲ್ಲಿದ್ದ ಕತ್ತರಿಯನ್ನು ಬೆನ್ನ ಹಿಂದೆ ಸರಿಸಿದಳು.

"ಚೀಲ ಮಾತ್ರ ನನ್ನದೇ," ಎಂದಳು. "ನನ್ನ ಚೀಲ ಹೊಲಿಯೋವಾಗ ಬಟ್ಟೆ ಸಾಲಲಿಲ್ಲ ಅಂತ ಅಂದ್ಯಲ್ಲ, ಆ ತುಂಡು ಇಲ್ಲಿಗೆ ಬಂತಾ?"

ಚಿತ್ರಗಾರ್ತಿ ಆಗ ಕುರ್ಚಿಯಲ್ಲಿ ಕೂತರು. ನಗುವುದಕ್ಕೆ ಅವರಿಗೆ ಕೂರಲೇಬೇಕಾಯಿತು. ಕಣ್ಣೊರೆಸಿಕೊಂಡು ಅತ್ತಿಗೆಯತ್ತ ತಿರುಗಿದರು.

"ಈ ಕೋಳೀನ ಎಲ್ಲಿಂದ ಇಳಿಸಿದೆ?"

"ಎಲ್ಲಿಂದಲೂ ಇಲ್ಲ. ಸುಮ್ನೆ ಕೈಗೆ ಬಂದ ಹಾಗೆ. ಮೂರು ಬದಲಾವಣೆ ಆಗಬೇಕಿತ್ತು. ಎರಡು ಆಗಿತ್ತು, ಇನ್ನೊಂದು ಬೇಕಿತ್ತು."

"ಮೂರಲ್ಲ, ಮೂವತ್ತು ಮಾಡಿದ್ರೂ ನನ್ನ ಕರಡಿ ನನ್ನ ಕರಡೀನೇ. ಆದ್ರೆ ನಿನ್ನ ಮೂರನೇದು ಬದಲಾವಣೆ ಅಲ್ಲ, ಅದೇ ಬೇರೆ ಕಥೆ. ಸಾಲಿನಲ್ಲಿ ನಿಲ್ಲೋ ಪ್ರಾಣಿಗಳು ಅನ್ನೋ ಯೋಚನೆ ಯಾರಪ್ಪನ ಆಸ್ತೀನೂ ಅಲ್ಲ, ನಾನೇನು ಅದನ್ನ ಕಂಡುಹಿಡಿದಿಲ್ಲ. ಕೋಳೀನ ಯಾರು ಬೇಕಾದ್ರೂ ಬಿಡಿಸಬಹುದು. ಈ ಚೀಲ, ಈ ಕನ್ನಡಕ, ಈ ಕತ್ತು ಇರೋ ಈ ಕೋಳಿ ಮಾತ್ರ ನಿನ್ನದು. ಕರಡಿ ತೆಗಿ, ನನ್ನ ಬೇರೆ ಪ್ರಾಣಿಗಳನ್ನೂ ತೆಗಿ. ಕೋಳಿ ಇಟ್ಕೋ. ಪರದೆ ತುಂಬ ಇದನ್ನೇ ನಿಲ್ಲಿಸು."

"ನನಗೆ ಬಿಡಿಸೋಕೆ ಬರಲ್ಲ ಮೇಡಂ. ಇಳಿಸೋಕೆ ಬರುತ್ತೆ."

"ಹಾಗಾದ್ರೆ ಇವರಿಂದ ಇಳಿಸು," ಎಂದು ಅಮ್ಮನನ್ನು ತೋರಿಸಿದರು. "ಇವರು ಯಾರ ಪುಸ್ತಕದಲ್ಲೂ ಇಲ್ಲ."

"ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ?" ಎಂದಳು ಅಮ್ಮ.

"ಕೇಳ್ತಿದ್ದೀನಿ ಅತ್ತೆ," ಎಂದಳು ಅತ್ತಿಗೆ. "ನಿಮ್ಮನ್ನ ಬಿಡಿಸಲಾ?"

ಅಮ್ಮ ಟೀ ಲೋಟಗಳನ್ನು ಒಬ್ಬೊಬ್ಬರ ಕೈಗೂ ಕೊಟ್ಟು ಮುಗಿಸುವವರೆಗೆ ಕಾಯಿಸಿದಳು. "ಚೀಲ ದೊಡ್ಡದಾಗಿ ಹಾಕು," ಎಂದಳು. "ಇದು ಯಾವುದಕ್ಕೂ ಸಾಲಲ್ಲ."

ಕರಡಿಯನ್ನೂ ಪುಸ್ತಕದ ಉಳಿದ ಪ್ರಾಣಿಗಳನ್ನೂ ನಾನು, ಅತ್ತಿಗೆ ಕೂತು ಬಿಚ್ಚಿದೆವು. ಕರಡಿ ಒಂದೇ ತುಂಡಾಗಿ ಬಂತು. ಅತ್ತಿಗೆ ಅದನ್ನು ಮಡಿಸಿ ಚಿತ್ರಗಾರ್ತಿಯ ಕೈಗಿಟ್ಟಳು. "ಬಿಡಿಸಿದ್ದು ನೀವು, ಹೊಲಿದದ್ದು ನಾನು. ನೀವೇ ಇಟ್ಕೊಳ್ಳಿ." ಅವರು ಅದನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಕಿಟಕಿಯಲ್ಲಿ ಕರಡಿಯ ಒಂದು ಕಿವಿ ಕಾಣುತ್ತಿತ್ತು.

ನಿಜ ಹೇಳಲು ನಾನು ಲೈಬ್ರರಿಗೆ ಹೋದೆ. ಕಟ್ಟಿದ ವಾಕ್ಯಗಳೆಲ್ಲ ಬಾಗಿಲಲ್ಲೇ ಬಿದ್ದುಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲೈಬ್ರರಿಯವರು ಜೋರಾಗಿ "ಹೌದಾ" ಎಂದರು. ಅವರ ನಿಜವಾದ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಓದುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು. ಆಮೇಲೆ ಅವರು ಮತ್ತೆ ಪಿಸುಗುಟ್ಟಿ ಮೇಜಿನ ಕೆಳಗಿನ ಒಂದು ಪೆಟ್ಟಿಗೆ ತೋರಿಸಿದರು. ಹೊಸ ಪುಸ್ತಕಗಳು ಬಂದಿದ್ದವು, ಇನ್ನೂ ಜೋಡಿಸಿರಲಿಲ್ಲ. ಎಲ್ಲಕ್ಕಿಂತ ಮೇಲೆ ಛತ್ರಿ ಹಿಡಿದ ಕರಡಿ, ಬಲಕ್ಕೆ ನೋಡುತ್ತ ಕೂತಿತ್ತು. ನಾನು ಅಲ್ಲಿದ್ದ ಮಕ್ಕಳ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ.

ಆ ವಾರ ಅಮ್ಮ ಹೋದಲ್ಲೆಲ್ಲ ಅತ್ತಿಗೆ ಪೆನ್ಸಿಲ್ ಹಿಡಿದು ಹಿಂದೆ ಹೋದಳು. ಹಾಲಿನ ಅಂಗಡಿಯ ಸಾಲು, ಆಸ್ಪತ್ರೆಯ ಚೀಟಿ ಮಾಡಿಸುವ ಸಾಲು, ಅಂಚೆ ಕಚೇರಿಯ ಸಾಲು. ಮೊದಲ ದಿನ ಏನೂ ಸಿಗಲಿಲ್ಲ. ತನ್ನನ್ನು ನೋಡುತ್ತಿದ್ದಾರೆಂದು ತಿಳಿದ ಅಮ್ಮ ಕತ್ತನ್ನು ಒಳಗೆಳೆದುಕೊಂಡು ಫೋಟೋಗೆ ನಿಂತವಳಂತೆ ನಿಂತಿದ್ದಳು.

"ಅತ್ತೆ, ಸುಮ್ನೆ ಇರೋ ಹಾಗೇ ಇರಿ."

"ಇರೋ ಹಾಗೇ ಇದ್ದೀನಿ. ನನ್ನ ಕತ್ತು ಇಷ್ಟೇ."

ಆಗ ಮುಂದೆ ಯಾರೋ ಇಬ್ಬರು ಸಾಲು ತಪ್ಪಿಸಿದ್ದಕ್ಕೆ ಜಗಳವಾಡತೊಡಗಿದರು. ಅಮ್ಮನ ಕತ್ತು ತಾನಾಗಿ ಮೇಲೆದ್ದಿತು. ಅತ್ತಿಗೆಯ ಪೆನ್ಸಿಲ್ ಓಡಿತು.

ಶನಿವಾರದ ಹೊತ್ತಿಗೆ ಪರದೆ ತುಂಬ ಕೋಳಿಯ ಸಾಹಸ ತುಂಬಿತ್ತು. ಇರುವೆಗಳ ಸಾಲಿನ ಕೊನೆಯಲ್ಲಿ ಕೋಳಿ. ಹಲ್ಲಿನ ಡಾಕ್ಟರ ಬಾಗಿಲಲ್ಲಿ, ಮೊಸಳೆಗಳ ಹಿಂದೆ, ಹಲ್ಲೇ ಇಲ್ಲದ ಕೋಳಿ. ಕೊನೆಯ ಸಾಲು ಮಡಿಕೆಯಾಚೆ ಹೋಗಿ ಮರೆಯಾಗಿತ್ತು. ಅದು ಯಾವುದರ ಸಾಲೆಂದು ತಿಳಿಯಬೇಕಾದರೆ ಪರದೆ ಎತ್ತಲೇಬೇಕು. ಉಳಿದದ್ದು ಮೂಲೆಯ ಹೆಸರು. ಅತ್ತಿಗೆ ಎಂದಿನ ಅಭ್ಯಾಸದಂತೆ ಅಕ್ಷರಗಳನ್ನೂ ಬಟ್ಟೆಯ ಹಿಂಬದಿಗೇ ಇಳಿಸಿ, ಕತ್ತರಿಸಿ, ಮಗುಚಿ ಹೊಲಿದುಬಿಟ್ಟಳು. ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕೂತಿತ್ತು.

"ಇದನ್ನೊಂದು ತಿರುಗಿಸೋ ಹಾಗಿಲ್ಲ ಕಣೇ," ಎಂದೆ. ಅವಳು ನಗುತ್ತಲೇ ಬಿಚ್ಚಿ ಮತ್ತೆ ಹೊಲಿದಳು.

ಭಾನುವಾರ ಬೆಳಿಗ್ಗೆ ಮಕ್ಕಳು ಬಂದರು, ಕತ್ತು ಓರೆ ಮಾಡಿದರು, ಪರದೆ ಎತ್ತಿದರು. ಲೈಬ್ರರಿಯವರು ಕಥೆಗೆ ಮೊದಲು ಬರೆದವರ ಹೆಸರು ಹೇಳಿ, ಪರದೆಯ ಕಡೆ ಕೈ ತೋರಿಸಿ ಅತ್ತಿಗೆಯ ಹೆಸರು ಹೇಳಿದರು. ಪಿಸುಮಾತಿನಲ್ಲೇ ಹೇಳಿದ್ದು, ಆದರೆ ಅಲ್ಲಿ ಎಲ್ಲರೂ ಸುಮ್ಮನಿದ್ದದ್ದರಿಂದ ಚೆನ್ನಾಗಿ ಕೇಳಿಸಿತು. ಅತ್ತಿಗೆ ನನ್ನ ಮುಂಗೈ ಹಿಡಿದಿದ್ದ ಜಾಗ ಕೆಂಪಾಗಿ ಉಳಿಯಿತು.

ಚಿತ್ರಗಾರ್ತಿಯೂ ಬಂದಿದ್ದರು. ಕಥೆ ಮುಗಿದ ಮೇಲೆ ಛತ್ರಿ ಊರಿಕೊಂಡು ಅತ್ತಿಗೆಯ ಹತ್ತಿರ ನಿಂತು, ಇಷ್ಟು ದಿನದಲ್ಲಿ ಮೊದಲ ಸಲ ಸ್ವಲ್ಪ ತಡವರಿಸಿದರು.

"ನನ್ನ ಮುಂದಿನ ಪುಸ್ತಕದಲ್ಲಿ ಒಂದು ಬಸ್ ನಿಲ್ದಾಣ ಬರುತ್ತೆ. ದೊಡ್ಡ ಸಾಲು. ನಿನ್ನ ಕೋಳಿ ಅಲ್ಲಿ ಬಂದು ಒಂದು ಪುಟ ನಿಲ್ಲಬಹುದಾ? ನೀನು ಒಪ್ಪಿದ್ರೆ ಮಾತ್ರ. ನಿನ್ನ ಹೆಸರು ಹಾಕ್ತೀನಿ."

ಅತ್ತಿಗೆ ನನ್ನನ್ನು ನೋಡಿದಳು. ನಾನು ಅವಳತ್ತಲೇ ಕೈ ತೋರಿಸಿದೆ. ಇದು ಅವಳ ವಾಕ್ಯ.

"ಯೋಚಿಸಿ ಹೇಳ್ತೀನಿ ಮೇಡಂ," ಎಂದಳು, ಬೇಕೆಂದೇ ನಿಧಾನವಾಗಿ. ಚಿತ್ರಗಾರ್ತಿಯ ಹುಬ್ಬು ಮೇಲೇರಿತು. "ಹೆಸರು ಅಷ್ಟು ಸಣ್ಣ ಅಕ್ಷರದಲ್ಲಿ ಬೇಡ. ಓದೋ ಹಾಗಿರಲಿ. ಮತ್ತೆ ನನ್ನ ಕೋಳಿ ಎಡಕ್ಕೇ ನೋಡಬೇಕು."

"ಪುಸ್ತಕದಲ್ಲಿ ಎಲ್ಲರೂ ಬಲಕ್ಕೆ ಹೋಗ್ತಿರ್ತಾರಲ್ಲಮ್ಮ."

"ಹೋಗಲಿ. ಇದು ಎಡಕ್ಕೆ ನೋಡುತ್ತೆ."

"ಆಯ್ತು. ಅಷ್ಟೇ ತಾನೆ?"

"ಇನ್ನೂ ಒಬ್ಬರನ್ನ ಕೇಳಬೇಕು," ಎಂದಳು ಅತ್ತಿಗೆ, ಮತ್ತು ಅಮ್ಮನಿಗಾಗಿ ಸುತ್ತ ನೋಡಿದಳು.

ಆಚೆ ಕೋಣೆಯಲ್ಲಿ ಲೈಬ್ರರಿಗೆ ಹೊಸದಾಗಿ ಸೇರುವ ಮಕ್ಕಳು ಕಾರ್ಡು ಪಡೆಯಲು ಸಾಲಾಗಿ ನಿಂತಿದ್ದರು. ಎಲ್ಲರೂ ಸೊಂಟದೆತ್ತರದವರು. ಅವರ ಕೊನೆಯಲ್ಲಿ, ಚೀಲ ಹಿಡಿದು, ಕತ್ತು ಚಾಚಿ ಅಮ್ಮ ನಿಂತಿದ್ದಳು. ತನ್ನ ಮುಂದಿದ್ದ ಹುಡುಗಿಯನ್ನು ಬಗ್ಗಿ ಕೇಳುತ್ತಿದ್ದಳು:

"ಏನು ಮರಿ, ಏನು ಕೊಡ್ತಾರೆ ಇಲ್ಲಿ?"